ಹಳದಿ ಕುರ್ಚಿ ಯಾರದು?

ಚಿತ್ರಕಲೆ ನನಗೆ ತಿಳಿಯುವುದಿಲ್ಲ. ತಿಳಿದವರಂತೆ ತಲೆಯಾಡಿಸುವುದು ಮಾತ್ರ ಚೆನ್ನಾಗಿ ಬರುತ್ತದೆ. ಆಂಧ್ರ ಇಬ್ಭಾಗವಾದ ಹೊಸತರಲ್ಲಿ ಔಷಧ ಕಂಪನಿಯೊಂದರ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಹೋದವನು ಮಧುರವಾಡದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಗೋಡೆ ತೀರ ಬೋಳಾಯಿತಲ್ಲ ಎಂದು ದ್ವಾರಕಾ ನಗರ ಬಡಾವಣೆಯ ಅಂಗಡಿಯಿಂದ ಒಂದು ಚಿತ್ರದ ಪ್ರತಿ ತಂದು ತೂಗುಹಾಕಿದೆ. ಇಂಪ್ರೆಷನಿಸ್ಟರೆಂಬ ಫ್ರೆಂಚ್ ಚಿತ್ರಕಾರರ ನಂತರದ ಕಾಲದ್ದಂತೆ. ಒಂದು ಒರಟು ಹಳದಿ ಕುರ್ಚಿ, ಅದರ ಮೇಲೆ ಹೊಗೆ ಸೇದುವ ಪೈಪು, ಚೂರು ತಂಬಾಕು. ಕೂರಬೇಕಾದ ಮನುಷ್ಯನೇ ಇಲ್ಲ.

ಸಂಜೆ ಚಹಾ ಹಿಡಿದು ಅದಕ್ಕೆ ಅರ್ಥ ಹಚ್ಚುವುದೇ ನನ್ನ ಉದ್ಯೋಗವಾಯಿತು. ಹಳದಿಯೆಂದರೆ ಹುಚ್ಚು, ಆರಿದ ಪೈಪೆಂದರೆ ಮುಗಿದ ಬಾಳು, ಖಾಲಿ ಕುರ್ಚಿಯೆಂದರೆ ಸಾವು! ಕುರ್ಚಿಗೆ ನಾಲ್ಕೇ ಕಾಲಿದ್ದರೂ ಪಂಡಿತರು ಅರ್ಥಕ್ಕೆ ನಲವತ್ತು ಕಾಲು ಕೊಡುತ್ತಾರೆ. ನಾನೂ ಎರಡು ಸೇರಿಸಿದೆ. ನಿಜ ಹೇಳಲೇ? ನನಗೆ ಮಾತಾಡಲು ಯಾರೂ ಇರಲಿಲ್ಲ. ಕನ್ನಡದಲ್ಲಿ ಬೈಯಬೇಕೆಂದರೂ ನನ್ನನ್ನೇ ಬೈದುಕೊಳ್ಳಬೇಕಿತ್ತು. ಯಾರಾದರೂ ಬಂದು ಅರ್ಧ ಗಂಟೆ ಕೂತರೆ ಸಾಕೆನಿಸುತ್ತಿತ್ತು.

ಒಂದು ಭಾನುವಾರ ಎದುರು ಮನೆಯ ಶಾರದಮ್ಮ ಡಬ್ಬಿಯಲ್ಲಿ ಪುಳಿಹೋರ ಹಿಡಿದು ಬಂದರು. ಬಳ್ಳಾರಿಯಲ್ಲಿ ಹುಟ್ಟಿ, ವಿಜಯವಾಡದ ಸೊಸೆಯಾಗಿ, ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನನ್ನ ಫೋನಿನ ಕನ್ನಡ ಅವರ ಕಿವಿಗೆ ಬಿದ್ದಿತ್ತಂತೆ. ಸಿಕ್ಕಿದ್ದೇ ಸಾಕೆಂದು ಗೋಡೆಯ ಕುರ್ಚಿಯ ಸಾವಿನ ಬಗ್ಗೆ ಉಪನ್ಯಾಸ ಕೊಟ್ಟೆ.

"ಸಾವೂ ಇಲ್ಲ, ಗೀವೂ ಇಲ್ಲಂಡಿ," ಎಂದರು. "ನಮ್ಮ ವಿಜಯವಾಡ ಬಸ್‌ಸ್ಟ್ಯಾಂಡಲ್ಲಿ ಬಸ್ಸಿನ ಕಿಟಕಿಯೊಳಗೆ ಕರ್ಚೀಫ್ ಒಗೀತಾರಲ್ಲ, ಹಂಗೇ ಇದು. ಪೈಪಿಟ್ಟು ಸೀಟು ಹಿಡಿದು ಹೋಗ್ಯಾನೆ. ಬರ್ತಾನೆ ಬಿಡಿ!"

ನಾನು ನಕ್ಕೆ. ಅವರು ನನ್ನ ಮನೆಯ ಎರಡನೆಯ ಕುರ್ಚಿಯ ಕಡೆ ತಿರುಗಿದರು. ಅದರ ಮೇಲೆ ಒಗೆದ ಬಟ್ಟೆಯ ಗುಡ್ಡೆ.

"ಇದನ್ನ ಯಾರಿಗೆ ಹಿಡಿದಿಟ್ಟೀರಿ?"

ಅಯ್ಯೋ, ಇಷ್ಟು ಹೊತ್ತೂ ಅವರು ನಿಂತೇ ಇದ್ದರು! ಹಿಂದೊಮ್ಮೆ ಬಂದಿದ್ದ ಆಫೀಸಿನ ಗೆಳೆಯನೂ ಹೀಗೆಯೇ ನಿಂತು, ಗಡಿಯಾರ ನೋಡಿ, ಹೊರಟುಹೋಗಿದ್ದ. ಈ ಊರಿಗೆ ನಾನು ಬೇಡವಾದೆ ಎಂದು ಆವತ್ತು ಮನಸ್ಸಿನಲ್ಲೇ ಅತ್ತಿದ್ದೆ.

ಬಟ್ಟೆಯನ್ನು ಬಾಚಿ ಮಂಚಕ್ಕೆ ಎಸೆದೆ. ಶಾರದಮ್ಮ ಕೂತರು, ಸೆರಗಿನಿಂದ ಬೆವರು ಒರೆಸಿಕೊಂಡರು, ಬಳ್ಳಾರಿಯ ಬಿಸಿಲಿನಿಂದ ಮಾತು ಶುರುಮಾಡಿದರು. ಚಹಾ ಎರಡು ಸಲ ಆಯಿತು.

ಆ ಚಿತ್ರ ಇನ್ನೂ ನನ್ನ ಗೋಡೆಯ ಮೇಲಿದೆ. ಅದರ ಅರ್ಥ ನನಗೆ ಈಗಲೂ ಗೊತ್ತಿಲ್ಲ. ಬಟ್ಟೆಯನ್ನು ಮಾತ್ರ ಮಂಚದ ಮೇಲೆ ಹಾಕುತ್ತೇನೆ.