ಯಾಸ್ಮೀನಳ ಕೆಂಪು ಗುರುತು

ಯಾಸ್ಮೀನಳ ಮೇಜಿನ ಮೇಲೆ ಕೆಂಪು ನೇಲ್ ಪಾಲಿಶಿನ ಒಂದು ಬಾಟಲಿ ಸದಾ ಇರುತ್ತದೆ. ಅವಳ ಉಗುರಿಗೆ ಮಾತ್ರ ಬಣ್ಣ ಹತ್ತಿದ್ದನ್ನು ನಾನು ಕಂಡಿಲ್ಲ. ಬಾಟಲಿ ಇರುವುದು ಗಿರಾಕಿಗಳಿಗೆ.

ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಅವಳು ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುತ್ತಾಳೆ. ಮುಚ್ಚಳ ಬಿಚ್ಚುವುದು ಗಿರಾಕಿಯ ಎದುರಿಗೇ. ಬಿಚ್ಚಿದ ಕೂಡಲೇ ಬಾಟಲಿಯನ್ನು ಅವನತ್ತ ಸರಿಸುತ್ತಾಳೆ. ಅವನು ಒಳಗಿನ ಸಾಮಾನುಗಳ ಮೇಲೆ ಒಂದೊಂದು ಬೊಟ್ಟು ಇಟ್ಟು ಹೋಗಬೇಕು, ಒಯ್ಯಲು ಬಂದಾಗ ಅದೇ ಬೊಟ್ಟು ಇದೆಯೇ ಎಂದು ನೋಡಿಕೊಳ್ಳಬೇಕು. ಪಕ್ಕದ ಹಳ್ಳಿ ಕಿಣ್ಣಿ ಸುಲ್ತಾನದ ಮಾಳಿಂಗಪ್ಪನಂತೂ ಮೊಬೈಲ್ ಬ್ಯಾಟರಿಯ ಮೇಲೆ ತನ್ನ ಹೆಸರಿನ ಮೊದಲ ಅಕ್ಷರವನ್ನೇ ಬರೆದು, ಅದು ಒಣಗುವವರೆಗೆ ಕಣ್ಣು ಮಿಟುಕಿಸದೆ ಕೂತಿದ್ದ.

ನಮ್ಮೂರಿನವರು ಮೇಲಿನ ಪದರವನ್ನು ನಂಬುವವರಲ್ಲ. ತೊಗರಿ ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡಿದ ಮೇಲೇ ಇಲ್ಲಿ ಮುಂದಿನ ಮಾತು. ಅಂಥವರು ರಿಪೇರಿಯವರನ್ನು ಬಿಡುತ್ತಾರೆಯೇ? ಯಾಸ್ಮೀನಳ ತಂದೆ ಕರೀಮಸಾಬರು ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದಾಗ, ಒಳಗಿನ ಒಳ್ಳೆಯ ಸಾಮಾನು ತೆಗೆದು ಹಳೆಯದು ಹಾಕುತ್ತಾರೆ ಎಂದು ಯಾರೋ ಹಬ್ಬಿಸಿದರು. ಆರು ತಿಂಗಳು ಅಂಗಡಿಗೆ ಒಂದು ನೊಣ ಕೂಡ ಬರಲಿಲ್ಲವಂತೆ. ಗುರುತು ಹಾಕಿಸುವ ಪದ್ಧತಿ ಶುರುವಾದದ್ದು ಆಗ. ಅವರು ಪೆನ್ನು ಕೊಡುತ್ತಿದ್ದರು. ಪೆನ್ನಿನ ಗುರುತು ಅಳಿಸಿಹೋಗುತ್ತದೆ ಎಂದು ಮಗಳು ನೇಲ್ ಪಾಲಿಶ್ ತಂದಿಟ್ಟಳು.

ಇನ್ನು ಸಂಶಯದ ಮಾತಿಗೆ ಬಂದರೆ, ಊರಿನವರದು ಒಂದು ಪಾಲು, ಯಾಸ್ಮೀನಳದು ಎರಡು ಪಾಲು. ಅವಳ ಸಂಶಯವೆಲ್ಲ ಕಂಪನಿಗಳ ಮೇಲೆ. ಡಬ್ಬಿಯ ಮೇಲೆ ಬರೆದದ್ದನ್ನು ಅವಳು ಓದುವುದೇ ಇಲ್ಲ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಟೀಚರು, ಹೆಸರು ಭಾಗ್ಯಾ. ಮಕ್ಕಳಂತೆ ಅವಳೂ ನನ್ನನ್ನು ಅಕ್ಕೋರು ಎನ್ನುತ್ತಾಳೆ. ಹನ್ನೊಂದು ವರ್ಷದ ಹಿಂದೆ ಕರೀಮಸಾಬರ ಕೈ ನಡುಗಲು ಶುರುವಾಗಿ ಮಗಳು ಆ ಮೇಜಿಗೆ ಕೂತಾಗ, ಹೆಣ್ಣುಮಗಳ ಕೈಗೆ ಮಷಿನು ಕೊಡಲು ಎಲ್ಲರೂ ಹಿಂದೆ ಮುಂದೆ ನೋಡಿದರು. ಮೊದಲು ಲ್ಯಾಪ್‌ಟಾಪು ಕೊಟ್ಟವಳು ನಾನು. ಅವಳು ಬಾಟಲಿ ಸರಿಸಿದಳು. ನಾನು ಅದನ್ನು ಹಿಂದಕ್ಕೆ ತಳ್ಳಿ, "ನಮ್ಮ ನಡುವ ಇದ್ಯಾಕ ಬೇ" ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಬಾಟಲಿಯ ಬಿರಡೆ ಬಿಗಿ ಮಾಡಿದಳು. ಆಮೇಲೆ ಎಂದೂ ಅದನ್ನು ನನ್ನ ಮುಂದಿಡಲಿಲ್ಲ. ಇಡೀ ಆಳಂದದಲ್ಲಿ ಗುರುತು ಹಾಕದ ಗಿರಾಕಿ ನಾನೊಬ್ಬಳೇ ಎಂದು ನಾನು ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ತಿರುಗಿದ್ದೂ ಉಂಟು.

ಕಳೆದ ವರ್ಷ ನನ್ನ ಮಗಳು ಸೃಷ್ಟಿಗೆ ಗೇಮಿಂಗ್ ಲ್ಯಾಪ್‌ಟಾಪು ಬೇಕಾಯಿತು. ದಿನಾ ಕಲಬುರಗಿಗೆ ಹೋಗಿ ಬಂದು ಆರ್ಕಿಟೆಕ್ಚರ್ ಓದುತ್ತಾಳೆ. ಕಟ್ಟಡಗಳ ಚಿತ್ರ ಬಿಡಿಸಲು ಆಟದ ಯಂತ್ರ ಯಾಕೆ ಎಂದು ನನಗೆ ಅನುಮಾನ. ಅದು ನಿಜವಾಗಿಯೂ ಬೇಕು ಎಂದು ಹೇಳಿದವಳು ಯಾಸ್ಮೀನಳೇ. ಜೊತೆಗೆ, ಕೊಳ್ಳುವ ಮೊದಲು ಕೇಳಿರಿ ಎಂದು ಮೂರು ಪ್ರಶ್ನೆ ಬಾಯಿಪಾಠ ಮಾಡಿಸಿದ್ದಳು. ರ‍್ಯಾಮ್ ಕಳಚಲು ಬರುತ್ತದೆಯೋ, ಬೋರ್ಡಿಗೇ ಬೆಸೆದಿದ್ದಾರೋ? ಇನ್ನೊಂದು ಡಿಸ್ಕ್ ಕೂಡಿಸಲು ಒಳಗೆ ಜಾಗ ಇದೆಯೋ? ಬ್ಯಾಟರಿಗೆ ಸ್ಕ್ರೂ ಇದೆಯೋ, ಅಂಟು ಹಾಕಿದ್ದಾರೋ? ಅಂಗಡಿಯಲ್ಲಿ ಕೀಬೋರ್ಡಿನ ಕೆಳಗೆ ಏಳು ಬಣ್ಣದ ದೀಪ ಹತ್ತಿದ್ದೇ ತಡ, ತಾಯಿ ಮಗಳಿಬ್ಬರೂ ಮೂರೂ ಪ್ರಶ್ನೆ ಮರೆತೆವು. ಮುಂದೆ ಬೇಕಾದರೆ ರ‍್ಯಾಮ್ ಹೆಚ್ಚಿಸಬಹುದು ಎಂದು ಅಂಗಡಿಯವನು ಹೇಳಿದ್ದೇ ಸಾಕಾಯಿತು.

ಹೊಸ ಲ್ಯಾಪ್‌ಟಾಪು ತೋರಿಸಲು ಹೋದರೆ ಯಾಸ್ಮೀನ ಪರದೆಯ ಕಡೆ ನೋಡಲೇ ಇಲ್ಲ. ಬೋರಲು ಹಾಕಿ ಸ್ಕ್ರೂ ಎಣಿಸಿದಳು. ಗಾಳಿಯಾಡಲು ಕೊರೆದ ಕಿಂಡಿಗಳಿಗೆ ಒಂದೊಂದಾಗಿ ಗುಂಡುಪಿನ್ನು ಚುಚ್ಚಿದಳು. ಅರ್ಧ ಕಿಂಡಿಗಳಲ್ಲಿ ಪಿನ್ನು ಇಳಿಯಲಿಲ್ಲ. ಅವು ಬರೀ ತೋರಿಕೆಯ ಕಿಂಡಿಗಳು. ಇಲ್ಲೇ ಸುಳ್ಳು ಹೇಳಿದವರು ಒಳಗೆ ಇನ್ನೇನು ಮಾಡಿದ್ದಾರೋ ಎಂದು ಅವಳು ನಕ್ಕಳು.

ಮೂರು ತಿಂಗಳಿಗೆ ಸೃಷ್ಟಿಯ ದೊಡ್ಡ ಚಿತ್ರಗಳು ಅರ್ಧಕ್ಕೇ ನಿಲ್ಲತೊಡಗಿದವು. ಹದಿನಾರು ಜಿಬಿ ರ‍್ಯಾಮ್ ಸಾಲುತ್ತಿರಲಿಲ್ಲ. ಕಾಲೇಜಿಗೆ ಚಿತ್ರ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಒಳಗೆ ನೋಡಿ, ಯಾವ ರ‍್ಯಾಮ್ ಪಟ್ಟಿ ಹಿಡಿಸುತ್ತದೋ ಅದನ್ನು ತರಿಸುತ್ತೇನೆ ಎಂದು ಯಾಸ್ಮೀನ ಹೇಳಿದಳು. ಬೆಳಿಗ್ಗೆ ಲ್ಯಾಪ್‌ಟಾಪು ಅವಳ ಕೈಗೆ ಕೊಟ್ಟು, ಬಿಚ್ಚುವುದನ್ನೂ ನೋಡದೆ ನಾನು ಶಾಲೆಗೆ ಹೋದೆ.

ಸ್ಟಾಫ್ ರೂಮಿನಲ್ಲಿ ಗಣಿತದ ಅಣ್ಣಾರಾಯರಿಗೆ ಈ ವಿಷಯ ಹೇಳಿದೆ. ಅವರ ಅಳಿಯನದೂ ಗೇಮಿಂಗ್ ಲ್ಯಾಪ್‌ಟಾಪಂತೆ. ಅದರಲ್ಲಿ ಎಂಟು ಜಿಬಿಯ ಎರಡು ಪಟ್ಟಿ ಇದ್ದವಂತೆ. "ಎಣಿಸಿ ಕೊಟ್ಟೀರಿಲ್ಲೋ?" ಎಂದು ಕೇಳಿ ಅವರು ಕ್ಲಾಸಿಗೆ ಎದ್ದು ಹೋದರು. ನಾನು ಮಧ್ಯಾಹ್ನವೆಲ್ಲ ಆ ಮಾತನ್ನೇ ಮೆಲುಕು ಹಾಕಿದೆ.

ಸಂಜೆ ಹೋದಾಗ ಲ್ಯಾಪ್‌ಟಾಪು ಹೊಟ್ಟೆ ತೆರೆದುಕೊಂಡು ಮೇಜಿನ ಮೇಲಿತ್ತು. ರ‍್ಯಾಮ್ ಪಟ್ಟಿ ಇದ್ದದ್ದು ಒಂದೇ, ಅದರ ಮೇಲೆ ಎಂಟು ಎಂದು ಬರೆದಿತ್ತು. ಇನ್ನೊಂದೆಲ್ಲಿ ಎಂದು ಕೇಳಿದೆ. ಉಳಿದ ಎಂಟನ್ನು ಕಂಪನಿಯವರು ಬೋರ್ಡಿಗೇ ಬೆಸೆದಿದ್ದಾರೆ, ನಾವು ಬದಲಿಸಬಹುದಾದದ್ದು ಈ ಒಂದನ್ನೇ ಎಂದು ಅವಳು ತಲೆ ಎತ್ತದೆ ಹೇಳಿದಳು. ತೋರಿಸು ಅಂದೆ. ಅದು ಶಾಖ ಎಳೆಯುವ ತಾಮ್ರದ ಕೊಳವೆಯ ಕೆಳಗಿದೆ, ಹೊಸ ಮಷಿನಿನಲ್ಲಿ ಅದನ್ನು ಸುಮ್ಮಸುಮ್ಮನೆ ಕೀಳಬಾರದು ಅಂದಳು. ನನಗೆ ಅದು ನೆಪದ ಹಾಗೆ ಕೇಳಿಸಿತು. ಹನ್ನೊಂದು ವರ್ಷದ ಪರಿಚಯ, ಅಣ್ಣಾರಾಯರ ಅರ್ಧ ನಿಮಿಷದ ಮಾತಿನ ಮುಂದೆ ನಿಲ್ಲಲಿಲ್ಲ ನೋಡಿ.

"ಎರಡು ಇದ್ದಿದ್ದು ಒಂದ್ ಹ್ಯಾಂಗ ಆತು ಅಂತ ಹೇಳಬೇಕಲ್ಲ ಯಾಸ್ಮೀನ," ಅಂದುಬಿಟ್ಟೆ.

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರು ಅಲ್ಲೇ ನಿಂತಿತು. ಒಳಗಿನ ಕೋಣೆಯಲ್ಲಿ ಕರೀಮಸಾಬರು ಕೆಮ್ಮಿದರು. ಅವರಿಗೂ ಕೇಳಿಸಿರಬೇಕು. ಆರು ತಿಂಗಳು ಅವರನ್ನು ಖಾಲಿ ಕೂರಿಸಿದ ಮಾತು ಇದೇ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಆಡಿದ್ದೆ.

ಯಾಸ್ಮೀನ ಬ್ಯಾಟರಿಯ ವೈರು ಬಿಡಿಸಿದಳು. ಇದ್ದ ಒಂದು ಪಟ್ಟಿಯನ್ನೂ ಕಳಚಿ ನನ್ನ ಅಂಗೈಯಲ್ಲಿಟ್ಟಳು. ವೈರು ಮತ್ತೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಮೆಲ್ಲಗೆ ಓರೆಯಾಗಿ ನಿಲ್ಲಿಸಿ ಗುಂಡಿ ಒತ್ತಿದಳು. ಪರದೆ ಕಪ್ಪಗೇ ಇತ್ತು. ರ‍್ಯಾಮೇ ಇಲ್ಲದೆ ಇದು ಏಳುವುದಿಲ್ಲ, ಇವಳ ಸುಳ್ಳು ಈಗ ಸಿಕ್ಕಿಬೀಳುತ್ತದೆ ಎಂದುಕೊಂಡೆ. ಹೇಳಲು ನಾಚಿಕೆ, ಏಳದಿದ್ದರೇ ಒಳ್ಳೆಯದು ಎಂದೂ ಅನಿಸಿತು. ಇನ್ನೂ ಸ್ವಲ್ಪ ಹೊತ್ತು ಹೋಯಿತು. ಆಮೇಲೆ ಕೀಬೋರ್ಡಿನ ಏಳು ಬಣ್ಣ ಹತ್ತಿದವು, ಪರದೆ ಬೆಳಗಿತು. ಯಾಸ್ಮೀನ ರ‍್ಯಾಮ್ ಎಷ್ಟಿದೆ ಎಂದು ತೋರಿಸುವ ಪುಟ ತೆರೆದಳು. ಎಂಟು ಎಂದು ಇತ್ತು.

"ನಿಮ್ಮ ಕೈಯಾಗ ಎಂಟ್ ಅದ, ಇದರಾಗ ಎಂಟ್ ಅದ. ಕೂಡಸ್ರಿ ಅಕ್ಕೋರ," ಅಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ತಪ್ಪಾಯಿತು ಎಂದು ಮೂರು ಸಲ ಹೇಳಿದೆ, ಅಣ್ಣಾರಾಯರ ಹೆಸರನ್ನೂ ಎಳೆದು ತಂದೆ. ಅವಳು ಇರಲಿ ಬಿಡಿ ಎಂದು ನನ್ನ ಅಂಗೈಯಿಂದ ಪಟ್ಟಿ ತೆಗೆದುಕೊಂಡು ಜಾಗಕ್ಕೆ ಕೂರಿಸಿ, ಮುಚ್ಚಳ ಹಾಕಿ ಕೊಟ್ಟಳು. ಆ ಎಂಟರ ಜಾಗಕ್ಕೆ ಹದಿನಾರರ ಪಟ್ಟಿ ತರಿಸುತ್ತೇನೆ, ಬಂದ ಕೂಡಲೇ ಫೋನ್ ಮಾಡುತ್ತೇನೆ ಅಂದಳು.

ನಾಲ್ಕು ದಿನಕ್ಕೆ ಫೋನ್ ಬಂತು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಲ್ಯಾಪ್‌ಟಾಪು ಹಿಡಿದುಕೊಂಡು ಹೋದೆ. ಯಾಸ್ಮೀನ ಎಂದಿನಂತೆ ಚಹಾ ತರಿಸಿದಳು, ಸೃಷ್ಟಿಯ ಚಿತ್ರ ಎಲ್ಲಿಗೆ ಬಂತು ಎಂದು ವಿಚಾರಿಸಿದಳು. ಆ ಮಾತನ್ನು ಅವಳು ಮರೆತಿದ್ದಾಳೆ ಎಂದುಕೊಂಡೆ.

ಚಹಾ ಮುಗಿಸಿ ಅವಳು ಲ್ಯಾಪ್‌ಟಾಪು ಬೋರಲು ಹಾಕಿದಳು, ಸ್ಕ್ರೂ ಬಿಚ್ಚಿದಳು, ಮುಚ್ಚಳ ಎತ್ತಿಟ್ಟಳು. ಆಮೇಲೆ ಕೈ ಒರೆಸಿಕೊಂಡು ಕೆಂಪು ಬಾಟಲಿಯನ್ನು ನನ್ನ ಮುಂದೆ ಸರಿಸಿದಳು.

ನಾನು ಅದನ್ನು ಹಿಂದಕ್ಕೆ ತಳ್ಳಬೇಕೆಂದು ಕೈ ಎತ್ತಿದೆ. ಯಾವ ಮುಖದಿಂದ ತಳ್ಳಲಿ? ಬಿರಡೆ ತೆಗೆದು ಬ್ಯಾಟರಿಯ ಮೇಲೊಂದು, ಡಿಸ್ಕಿನ ಮೇಲೊಂದು, ಹಳೆಯ ಪಟ್ಟಿಯ ಮೇಲೊಂದು, ಹೊಸದರ ಮೇಲೊಂದು ಬೊಟ್ಟು ಇಟ್ಟೆ. ಕೊನೆಯದು ಸ್ವಲ್ಪ ಹರಡಿತು.

"ಒಣಗಲಿ ಅಕ್ಕೋರ," ಅಂದಳು ಯಾಸ್ಮೀನ. "ಎರಡು ನಿಮಿಷ ಕೂಡ್ರಿ."