ಒಣಗದ ಕೆಂಪು ಪಟ್ಟಿ

ಡ್ರಾಯಿಂಗ್ ಮೇಷ್ಟ್ರ ಉಗುರಿನ ಸಂದಿಯಲ್ಲಿ ಸದಾ ಕೆಮ್ಮಣ್ಣಿನ ಗೆರೆ ಇರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ನಿವೃತ್ತರಾದ ಮೇಲೆ ಅವರು ತೂಬಗೆರೆಯ ತಮ್ಮ ಮನೆಯ ಪಡಸಾಲೆಯಲ್ಲಿ ಚಿತ್ರ ಬರೆಯುವವರಿಗಾಗಿ ಎಣ್ಣೆಬಣ್ಣ ಮಾಡುತ್ತಿದ್ದರು. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ವರ್ಷ ನಾನು ಅಲ್ಲಿ ಅರೆಯುವ ಕೆಲಸಕ್ಕೆ ಸೇರಿದೆ.

ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಕೆಂಪು ನೀರನ್ನಷ್ಟೇ ಬಗ್ಗಿಸಿ ಒಣಗಿಸಿದರೆ ನುಣುಪಾದ ಪುಡಿ ಸಿಗುತ್ತದೆ. ಅದಕ್ಕೆ ಊರ ಗಾಣದಿಂದ ತಂದ ಅಗಸೆ ಎಣ್ಣೆ ಬೆರೆಸಿ, ಬೆಣ್ಣೆಯಂತಾಗುವವರೆಗೆ ಕಲ್ಲಿನ ಮೇಲೆ ಅರೆಯಬೇಕು. ಪ್ರತಿ ಸಲದ ಬಣ್ಣವನ್ನೂ ಮೇಷ್ಟ್ರು ಒಂದು ರಟ್ಟಿನ ಪಟ್ಟಿಗೆ ಬಳಿದು ಗೋಡೆಗೆ ತೂಗುಹಾಕುತ್ತಿದ್ದರು. ಅದು ಒಣಗಿದ ಮೇಲೆಯೇ ಬಣ್ಣ ಮಾರಾಟಕ್ಕೆ ಹೋಗುತ್ತಿತ್ತು.

ಒಂದು ದಿನ ಅವರು ಊಟಕ್ಕೆ ಕೂತಿದ್ದಾಗ ನಾನು ಅರೆಯುತ್ತಿದ್ದ ಬಣ್ಣ ಗಟ್ಟಿಯಾಯಿತು. ಎಣ್ಣೆ ಮುಗಿದಿತ್ತು. ಕೇಳಲು ಸಂಕೋಚ. ಎಲ್ಲಾ ಎಣ್ಣೆಯೇ ಅಲ್ಲವೇ ಎಂದುಕೊಂಡು ನಮ್ಮ ಮನೆಯಿಂದ ಕಡಲೆಕಾಯಿ ಎಣ್ಣೆ ತಂದು ಎರಡು ಸೌಟು ಸುರಿದೆ.

ವಾರದಲ್ಲಿ ಒಣಗಬೇಕಾದ ಪಟ್ಟಿ ಎರಡು ವಾರವಾದರೂ ಒಣಗಲಿಲ್ಲ. ಮೇಷ್ಟ್ರು ಬೆರಳಿಟ್ಟು ನೋಡಿ ಕಿಡಿಕಿಡಿಯಾದರು.

"ಗಾಣದೋನು ಕಲಬೆರಕೆ ಎಣ್ಣೆ ಕೊಟ್ಟವ್ನೆ. ಇಪ್ಪತ್ತು ವರ್ಷದ ನಂಬಿಕೆ ಹಾಳ್ಮಾಡ್ಬಿಟ್ಟ. ಈಗ್ಲೇ ಹೋಗಿ ನಾಲ್ಕು ಜನದ ಮುಂದೆ ಕೇಳ್ತೀನಿ!" ಎಂದು ಚಪ್ಪಲಿ ಮೆಟ್ಟಿದರು.

ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ತಪ್ಪಿಲ್ಲದವನ ಹೆಸರು ಕೆಡುತ್ತಿತ್ತು. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅವ್ರಲ್ಲ ಮೇಷ್ಟ್ರೇ, ನಾನು. ಕಡ್ಲೆಕಾಯೆಣ್ಣೆ ಹಾಕ್ಬಿಟ್ಟೆ."

ಅವರು ನನ್ನನ್ನೇ ದಿಟ್ಟಿಸಿದರು. "ಸಾಸಿವೆ, ಕರಿಬೇವು ಒಂದು ಬಾಕಿ ಇತ್ತಲ್ಲಮ್ಮ, ಅದನ್ನೂ ಹಾಕ್ಬಿಡ್ಬೇಕಿತ್ತು! ಅಗಸೆ ಎಣ್ಣೆ ಗಾಳಿಗೆ ಬಿಗಿಯಾಗತ್ತೆ. ಇದು ವರ್ಷ ಕಳೆದ್ರೂ ಅಂಟಂಟೇ. ಕೇಳಿದ್ರೆ ನಾನೇನು ಕಚ್ತಿದ್ನಾ?"

"ನಾಳೆಯಿಂದ ಬರೋದ್ಬೇಡ್ವಾ?"

"ಬರ್ದೇ ಇದ್ರೆ ಮತ್ತೆ ಅರೆಯೋರ್ಯಾರು?"

ಚಪ್ಪಲಿ ಬಿಟ್ಟು ಒಳಬಂದವರು ಆ ಪಟ್ಟಿಯ ಕೆಳಗೆ ನನ್ನ ಕೈಯಿಂದಲೇ ಬರೆಸಿದರು: 'ಕಡಲೆಕಾಯಿ ಎಣ್ಣೆ. ಒಣಗಲಿಲ್ಲ.' ಅದರಡಿ ನನ್ನ ಹೆಸರು. ಊರ ಶಾಲೆ ಬಿಟ್ಟ ಮೇಲೆ ನಾನು ಬರೆದ ಮೊದಲ ಸಾಲು ಅದು. ಆಮೇಲೆ ಪ್ರತಿ ಪಟ್ಟಿಗೂ ನಾನೇ ಬರೆದೆ.

ಮೇಷ್ಟ್ರು ಹೋಗಿ ಮೂರು ವರ್ಷವಾಯಿತು. ಅರೆಯುವ ಕಲ್ಲು, ಗೋಡೆಯ ಪಟ್ಟಿಗಳು ನನಗೆಂದು ಹೇಳಿ ಹೋದರು. ಕೈ ಆಡುವವರೆಗೂ ಅರೆಯುತ್ತೇನೆ. ಎಣ್ಣೆ ಸಾಲದಿದ್ದರೆ ಗಾಣದವರನ್ನು ನಾನೇ ಹೋಗಿ ಕೇಳುತ್ತೇನೆ.

ಮೊನ್ನೆ ಆ ಪಟ್ಟಿ ಮುಟ್ಟಿ ಬೆರಳು ಕೆಂಪು ಮಾಡಿಕೊಂಡು, "ಅಜ್ಜಿ, ಇದನ್ನ ಯಾಕಿನ್ನೂ ಬಿಸಾಕಿಲ್ಲ?" ಎಂದಿರಲ್ಲ ಮಕ್ಕಳೇ. ಬಾಯಲ್ಲಿ ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆದು, ಕೆಳಗೆ ಹೆಸರನ್ನೂ ಹಾಕಿದ್ದೇನೆ.