ಬೇಕರಿಗೆ ಒಬ್ಬ ಮಾವ

ಚಳ್ಳಕೆರೆ ಬಸ್‌ಸ್ಟ್ಯಾಂಡ್ ಎದುರಿಗಿದ್ದ ಆ ಬೇಕರಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲೀಗ ಮೊಬೈಲ್ ಮಾರುತ್ತಾರೆ. ಆದರೂ ಆ ಕಡೆ ಹೋದರೆ ಮುಖ ತಿರುಗಿಸಿಕೊಂಡೇ ನಡೆಯುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೂ ನನ್ನ ಗೆಳತಿಯೂ ಮೊಳಕಾಲ್ಮೂರು ದಾರಿಯ ನಮ್ಮ ಹಳ್ಳಿಯಿಂದ ಚಳ್ಳಕೆರೆಗೆ ಪಿಯುಸಿ ಓದಲು ಬರುತ್ತಿದ್ದೆವು. ಕಾಲೇಜು ಎರಡಕ್ಕೆ ಬಿಡುತ್ತಿತ್ತು, ನಮ್ಮೂರಿನ ಬಸ್ಸು ಐದಕ್ಕೆ. ನಡುವಿನ ಮೂರು ಗಂಟೆ ಬೇಕರಿಯ ಮೂಲೆಯ ಬೆಂಚಿನಲ್ಲಿ ಕಳೆಯುತ್ತಿತ್ತು. ಒಂದು ಖಾರದ ಬನ್ನು ತೆಗೆದುಕೊಂಡು ಇಬ್ಬರೂ ಹಂಚಿಕೊಂಡು, ಫ್ಯಾನಿನ ಕೆಳಗೆ ಪುಸ್ತಕ ಬಿಚ್ಚುತ್ತಿದ್ದೆವು. ಅವಳು ಗಣಿತದಲ್ಲಿ ಎತ್ತಿದ ಕೈ. ಗಣಿತದ ಮೇಡಂ ಆಗಬೇಕೆಂಬುದು ಅವಳ ಆಸೆ. ನನಗೆ ಅಂಥ ಆಸೆಯೇನೂ ಇರಲಿಲ್ಲ, ಅವಳು ಹೇಳಿಕೊಟ್ಟದ್ದರಲ್ಲಿ ಪಾಸಾದರೆ ಸಾಕಿತ್ತು. ಅವಳಪ್ಪ ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಿದ್ದರು. ಕಾಲೇಜಿಗೆ ಕಳಿಸುವಾಗ ಒಂದೇ ಮಾತು ಹೇಳಿದ್ದರು: "ಯಾರ ಬಾಯಲ್ಲಾದ್ರೂ ನಿನ್ ಸುದ್ದಿ ಬಂತೋ, ಅವತ್ತಿಗೆ ಓದು ಮುಗೀತು."

ಎರಡನೇ ವರ್ಷದಲ್ಲಿ ಯಾರೋ ಇಬ್ಬರು ಹುಡುಗರು ಬೇಕರಿಯೊಳಗೆ ಹೊಡೆದಾಡಿಕೊಂಡು ಗಾಜಿನ ಕಪಾಟು ಒಡೆದರು. ಮಾರನೆಯ ದಿನವೇ ಬೋರ್ಡು ಬಂತು: "ಕಾಲೇಜು ಮಕ್ಕಳು ಮನೆಯ ದೊಡ್ಡವರಿಲ್ಲದೆ ಒಳಗೆ ಕೂರುವಂತಿಲ್ಲ." ಒಡೆದವರು ಅವರು, ಹೊರಗೆ ಬಿದ್ದವರು ನಾವು. ಪಕ್ಕದ ಹೋಟೆಲಿನವನೂ ಜ್ಯೂಸ್ ಅಂಗಡಿಯವನೂ ಅದೇ ಸಾಲನ್ನು ಬರೆಸಿ ತಗುಲಿಹಾಕಿದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಎರಡು ದಿನ ಕೂತೆವು. ಮೂರನೆಯ ದಿನ ನಮ್ಮ ಕಾಲೇಜಿನ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತ. ನಮ್ಮೂರಿನ ಕಂಡಕ್ಟರ್ ಅದನ್ನು ನೋಡಿ ನಕ್ಕ. ಗೆಳತಿಯ ಮುಖ ಸಪ್ಪಗಾಯಿತು.

ಆಗ ತಲೆ ಓಡಿಸಿದವಳು ನಾನು. ಮೊಳಕಾಲ್ಮೂರಿನವನೊಬ್ಬ ಚಳ್ಳಕೆರೆಯ ಬಟ್ಟೆ ಅಂಗಡಿಗೆ ಸೀರೆ ಗಂಟು ಕೊಟ್ಟು, ನಮ್ಮ ಬಸ್ಸಿಗೇ ಕಾಯುತ್ತ ಬೇಕರಿಯಲ್ಲಿ ಪೇಪರ್ ಓದುತ್ತಿದ್ದ. ಮೂವತ್ತರ ಆಸುಪಾಸು, ಸಾಧು ಮನುಷ್ಯ. ನಮ್ಮ ಜೊತೆ ಕೂರುತ್ತೀರಾ ಎಂದು ಕೇಳಿದೆ. "ಸರ್ಲೇಮ್ಮಾ, ಅದಕ್ಕೇನಂತೆ? ಓದ್ಕಳ್ರಿ," ಅಂದ, ತೆಲುಗು ಬೆರೆತ ಕನ್ನಡದಲ್ಲಿ.

ಮಾಲೀಕರು ಕನ್ನಡಕದ ಮೇಲಿಂದ ನೋಡಿದರು. "ಇವ್ರು ನಿಮಗೇನಾಗ್ಬೇಕಮ್ಮಾ?"

ಚಿಕ್ಕಪ್ಪ ಅನ್ನಲು ಆತನ ವಯಸ್ಸು ಸಾಲದು, ಅಣ್ಣ ಅಂದರೆ ದೊಡ್ಡವರು ಎಂದು ಇವರು ಒಪ್ಪುವುದಿಲ್ಲ. ಗೆಳತಿಯ ಕಡೆ ಕೈ ತೋರಿಸಿ, "ಇವಳ ಮಾವ. ಅವ್ವನ ತಮ್ಮ," ಅಂದುಬಿಟ್ಟೆ.

ಎರಡು ತಿಂಗಳು ಸುಖವಾಗಿ ನಡೆಯಿತು. ಆತ ಒಂದು ತುದಿಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದ, ನಾವು ಇನ್ನೊಂದು ತುದಿಯಲ್ಲಿ. ನಮ್ಮಿಬ್ಬರ ಹೆಸರೂ ಆತ ಕೇಳಲಿಲ್ಲ.

ಒಂದು ದಿನ ಗೆಳತಿಯ ಅಪ್ಪ ಜರಿ ಕೊಳ್ಳಲು ಚಳ್ಳಕೆರೆಗೆ ಬಂದವರು, ಮಗಳನ್ನು ಜೊತೆಗೇ ಕರೆದುಕೊಂಡು ಹೋಗೋಣವೆಂದು ಬೇಕರಿಗೆ ಬಂದರು. ಆವತ್ತು ಆತ ಬಂದಿರಲಿಲ್ಲ. ನಾವು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದೆವು. ಮಾಲೀಕರು ಒಳಗಿನಿಂದಲೇ ಆದರದಿಂದ ಕೇಳಿದರು: "ಇವ್ಳಪ್ಪನೇನ್ರಿ? ಬರ್ರಿ. ನಿಮ್ ಬಾಮೈದ ಭಾಳ ಒಳ್ಳೇನು ಬಿಡ್ರಿ, ದಿನಾ ಹುಡುಗಿ ಜೊತೆ ಬಂದು ಕೂರ್ತಾನೆ. ಮದ್ವೆ ಯಾವಾಗ ಇಟ್ಕಂಡೀರಿ?"

ನಮ್ಮ ಕಡೆ ಅವ್ವನ ತಮ್ಮ ಬರೀ ನೆಂಟನಲ್ಲ, ಹೆಣ್ಣು ಕೇಳಲು ಮೊದಲ ಹಕ್ಕಿನವನು. ದಿನವೂ ಮಾವನ ಜೊತೆ ಕೂರುವ ಹುಡುಗಿ ಅಂದರೆ ಮಾತುಕತೆ ಮುಗಿದ ಹುಡುಗಿ. ಅಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ. ಅವಳ ನಿಜವಾದ ಮಾವ ಪರಶುರಾಂಪುರದ ಹತ್ತಿರ ಈರುಳ್ಳಿ ಬೆಳೆದುಕೊಂಡಿದ್ದ, ಚಳ್ಳಕೆರೆಗೆ ಬರುತ್ತಿದ್ದುದೇ ಅಪರೂಪ.

ಅವಳಪ್ಪ ಒಳಗೆ ಹೋಗದೆ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು. ಸಂಜೆ ನಾನೇ ಅವರ ಮನೆಗೆ ಓಡಿದೆ. ತಪ್ಪೆಲ್ಲ ನನ್ನದು, ಬೋರ್ಡಿಗೆ ಹೆದರಿ ಸುಮ್ಮನೆ ಮಾವ ಅಂದೆವು, ಆತ ಯಾರೋ ಏನೋ ನಮಗೆ ಗೊತ್ತೇ ಇಲ್ಲ ಎಂದು ಅಳುತ್ತ ಹೇಳಿದೆ.

ಅವರು ಮಗ್ಗದಿಂದ ಎದ್ದು ಬಂದರು. ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ. "ಯಾರೋ ಗೊತ್ತಿಲ್ಲ ಅಂದ್ರೆ ಇನ್ನೂ ಕೆಟ್ಟದ್ದಲ್ವೇನವ್ವಾ? ಆ ಅಂಗಡಿಯೋನು ಇನ್ನೆಷ್ಟು ಜನಕ್ಕೆ ಹೇಳ್ಯಾನೋ. ಮಾವ ಅಂತ ಊರೇ ಅಂದ್ಮೇಲೆ ಮಾವನಿಗೇ ಕೊಡ್ಬೇಕು. ಬೇರೆ ದಾರಿ ಏನೈತೆ?"

ಗೆಳತಿ ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿರುವಾಗ ಪರಶುರಾಂಪುರದ ಮಾವನ ಜೊತೆ ಅವಳ ಮದುವೆಯಾಯಿತು. ನಾನು ಹೋಗಲಿಲ್ಲ. ಜ್ವರ ಎಂದು ಅವ್ವನಿಗೆ ಸುಳ್ಳು ಹೇಳಿ ಕಂಬಳಿ ಹೊದ್ದು ಮಲಗಿದ್ದೆ.

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಬೇಕರಿಯ ಮುಂದೆ ಬಿಸಿಲಿನಲ್ಲಿ ಒಬ್ಬಳೇ ನಿಂತಿದ್ದೆ. ಒಳಗೆ ಮೂಲೆಯ ಬೆಂಚಿನಲ್ಲಿ ಅವಳು ಕೂತಿದ್ದಳು. ಕೊರಳಲ್ಲಿ ಹೊಸ ತಾಳಿ, ತಲೆ ಮೇಲೆ ಸೆರಗು. ಗಂಡ ಈರುಳ್ಳಿ ಹಾಕಲು ಮಂಡಿಗೆ ಹೋಗಿದ್ದನಂತೆ. ನನಗಿಂತ ಮೂರು ತಿಂಗಳಿಗೆ ಚಿಕ್ಕವಳು, ಅಲ್ಲಿ ಒಬ್ಬಳೇ ಕೂತಿದ್ದಳು. ಯಾರೂ ಏನೂ ಕೇಳಿರಲಿಲ್ಲ.

ನನ್ನನ್ನು ನೋಡಿ ಕೈ ಬೀಸಿದಳು. "ಬಿಸಿಲಾಗೆ ಯಾಕೆ ನಿಂತೀಯಾ, ಒಳಗೆ ಬಾರೇ."

ನಾನು ಬೋರ್ಡಿನ ಕಡೆ ನೋಡಿದೆ. ಮಾಲೀಕರು ನಕ್ಕರು. "ಬಾರಮ್ಮಾ, ದೊಡ್ಡವ್ರು ಅವ್ರೇ ಇದ್ದಾರಲ್ಲ."

ಹೋಗಿ ಅವಳೆದುರು ಕೂತೆ. ಖಾರದ ಬನ್ನು ತರಿಸಿ, ಹಿಂದಿನಂತೆಯೇ ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಕೇಳಿದಳು: "ಗಣಿತ ಎಲ್ಲೀಗಂಟ ಆಯ್ತೇ? ಪುಸ್ತಕ ತೋರ್ಸೇ, ಒಂದ್ಸಲ ನೋಡಿ ಕೊಡ್ತೀನಿ."

ಪುಸ್ತಕ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ತಂದಿಲ್ಲ ಅಂದೆ.